ಹೆಪ್ಪಿಗೊಂದು ಹೆಪ್ಪು

ಅಂಗಡಿಯಲ್ಲಿ ಸಿಗುವುದನ್ನು ಮನೆಯಲ್ಲೇ ಮಾಡಿಕೊಳ್ಳುವವರನ್ನು ಕಂಡರೆ ಜನಕ್ಕೆ ಒಂದು ಬಗೆಯ ಕನಿಕರ. ಲಿನಕ್ಸ್ ಎಂಬುದು ಇಡಿಯಾಗಿ, ಪುಕ್ಕಟೆಯಾಗಿ, ಊಟ ಮುಗಿಸಿ ಕೈತೊಳೆಯುವಷ್ಟರಲ್ಲಿ ಕಂಪ್ಯೂಟರಿನೊಳಗೆ ಇಳಿದು ಕೂರುವ ಈ ಕಾಲದಲ್ಲಿ, ಅದರ ಒಂದೊಂದು ಪ್ಯಾಕೇಜನ್ನೂ ಸೋರ್ಸ್ ಕೋಡಿನಿಂದ ಕಂಪೈಲ್ ಮಾಡಿ ಕಟ್ಟಿಕೊಳ್ಳುತ್ತೇನೆ ಎಂದು ಹೊರಡುವವರಿಗಂತೂ ಕನಿಕರದ ಜೊತೆಗೆ ಸ್ವಲ್ಪ ಅನುಮಾನವೂ ಸಲ್ಲುತ್ತದೆ. ಹಾಗೆ ಹೊರಟವರಲ್ಲಿ ನಾನೂ ಒಬ್ಬಳು. ನನ್ನನ್ನು ನೋಡಿಯೂ ಬುದ್ಧಿ ಕಲಿಯದೆ ಹೊರಟವನು ನನ್ನ ಅಣ್ಣನ ಮಗ.

ನಾನಿರುವುದು ವಾಷಿಂಗ್ಟನ್ ಡಿ.ಸಿ. ಪಕ್ಕದ ವರ್ಜೀನಿಯಾದ ಫೇರ್‌ಫ್ಯಾಕ್ಸಿನಲ್ಲಿ. ಬಿಲ್ಡ್ ಇಂಜಿನಿಯರ್ ಎಂಬ ಹೆಸರಿನ ಕೆಲಸ. ಬೇರೆಯವರು ಬರೆದ ನೂರಾರು ತುಣುಕು ಕೋಡನ್ನು ತಪ್ಪದ ಸರದಿಯಲ್ಲಿ ಕಂಪೈಲ್ ಮಾಡಿಸುವುದು ನನ್ನ ಹೊಣೆ. ಎಲ್ಲ ಸರಿಯಾದ ದಿನ ನಾನೊಬ್ಬಳು ಇದ್ದೇನೆಂಬುದೇ ಯಾರಿಗೂ ನೆನಪಿರುವುದಿಲ್ಲ. ಅಮ್ಮ ಊರಿನಲ್ಲಿ ಕೇಳಿದವರಿಗೆಲ್ಲ 'ಕಂಪ್ಯೂಟರ್ ಕೆಲಸ' ಎಂದಷ್ಟೇ ಹೇಳಿ ಮಾತು ಮುಗಿಸುತ್ತಾಳೆ. ಅದು ಜಾಣತನ.

ಅಣ್ಣನ ಮಗ ರ‍್ಯಾಲಿಯ ನಾರ್ತ್ ಕ್ಯಾರೊಲೈನಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಎಂ.ಎಸ್. ಮಾಡುತ್ತಿದ್ದಾನೆ. ಒಂದು ರಾತ್ರಿ ಫೋನ್ ಮಾಡಿ, "ಅತ್ತೆ, ಯಾವುದಾದ ಮೇಲೆ ಯಾವುದನ್ನ ಕಟ್ಟಬೇಕು ಅಂತ ಪುಸ್ತಕದಲ್ಲಿ ಬರೆದಿದ್ದಾರೆ. ಅದೇ ಯಾಕೆ ಮೊದಲು, ಇದೇ ಯಾಕೆ ಆಮೇಲೆ, ಅದನ್ನ ಹೇಳಿ" ಎಂದ. ಕೆಲಸದ ಬಗ್ಗೆ ನನ್ನ ಮನೆಯವರು ಇಷ್ಟು ವರ್ಷಗಳಲ್ಲಿ ಕೇಳಿದ ಮೊದಲ ಒಳ್ಳೆಯ ಪ್ರಶ್ನೆ ಅದು.

ಅವನ ಕೈಯಲ್ಲಿದ್ದದ್ದು 'ಲಿನಕ್ಸ್ ಫ್ರಮ್ ಸ್ಕ್ರ್ಯಾಚ್'. 1999ರಲ್ಲಿ ಗೆರಾರ್ಡ್ ಬೀಕ್‌ಮನ್ಸ್ ಶುರು ಮಾಡಿದ ಈ ಪುಸ್ತಕವನ್ನು ಈಗ ಸ್ವಯಂಸೇವಕರ ತಂಡವೊಂದು ವರ್ಷಕ್ಕೆರಡು ಸಲ ಹೊಸದು ಮಾಡಿ ಹೊರತರುತ್ತದೆ. ಸುಮಾರು 80 ಪ್ಯಾಕೇಜುಗಳು. ಮೊದಲ ಪ್ಯಾಕೇಜು ಬಿನ್‌ಯುಟಿಲ್ಸ್. ಅದನ್ನು ಕಟ್ಟಲು ನಿಮ್ಮ ಯಂತ್ರ ಎಷ್ಟು ಹೊತ್ತು ತೆಗೆದುಕೊಂಡಿತೋ ಅದೇ ನಿಮ್ಮ ಅಳತೆಗೋಲು. ಮಿಕ್ಕ ಎಲ್ಲದರ ಹೊತ್ತನ್ನೂ ಪುಸ್ತಕ ಆ ಗೋಲಿನಲ್ಲೇ ಹೇಳುತ್ತದೆ. ನಿಮ್ಮ ಲ್ಯಾಪ್‌ಟಾಪ್ ಎತ್ತಿನ ಗಾಡಿಯೋ ವಿಮಾನವೋ ಅದಕ್ಕೆ ಸಂಬಂಧವಿಲ್ಲ. ಇಂಥ ನಾಜೂಕಿನ ಪುಸ್ತಕ ಸರದಿಯ ವಿಚಾರಕ್ಕೆ ಬಂದಾಗ ಮಾತ್ರ ಮೇಷ್ಟ್ರ ದನಿ ತೆಗೆಯುತ್ತದೆ: ಕೊಟ್ಟ ಕ್ರಮವನ್ನು ಕಟ್ಟುನಿಟ್ಟಾಗಿ ಪಾಲಿಸಿ.

ಆದರೆ ಆ ಸರದಿಯನ್ನು ಸ್ವಲ್ಪ ಕಣ್ಣು ಕಿರಿದು ಮಾಡಿ ನೋಡಬೇಕು. ತಾತ್ಕಾಲಿಕ ಸಲಕರಣೆಗಳನ್ನು ಕಟ್ಟುವ ಅಧ್ಯಾಯದಲ್ಲಿ ಮೊದಲು ಎಂ4, ಎನ್‌ಕರ್ಸಸ್. ಆಮೇಲೆ ಬ್ಯಾಶ್, ಕೋರ್‌ಯುಟಿಲ್ಸ್, ಡಿಫ್‌ಯುಟಿಲ್ಸ್, ಫೈಲ್, ಫೈಂಡ್‌ಯುಟಿಲ್ಸ್, ಗಾಕ್, ಗ್ರೆಪ್, ಜಿಜಿಪ್, ಮೇಕ್, ಪ್ಯಾಚ್, ಸೆಡ್, ಟಾರ್, ಎಕ್ಸ್‌ಜೆಡ್. ಬ್ಯಾಶ್‌ನಿಂದ ಎಕ್ಸ್‌ಜೆಡ್‌ವರೆಗೆ ಇಂಗ್ಲಿಷಿನ ಎ ಬಿ ಸಿ ಡಿ ಬಿಟ್ಟರೆ ಬೇರೆ ತತ್ತ್ವವೇ ಇಲ್ಲ. ಬ್ಯಾಶ್‌ಗಿಂತ ಮುಂಚೆ ಎನ್‌ಕರ್ಸಸ್ ಬರುವುದಕ್ಕೆ ಕಾರಣವಿದೆ, ಬ್ಯಾಶ್‌ನಲ್ಲಿ ಟೈಪ್ ಮಾಡಿದ ಸಾಲನ್ನು ತಿದ್ದಬೇಕಾದರೆ ಪರದೆಯ ಗುಣಧರ್ಮ ಬಲ್ಲ ಎನ್‌ಕರ್ಸಸ್ ಬೇಕು. ಗ್ರೆಪ್ ಆದ ಮೇಲೆ ಜಿಜಿಪ್ ಬರುವುದಕ್ಕೆ ಕಾರಣವಿಲ್ಲ, ಎಲ್ಲೋ ಒಂದು ಕಡೆ ನಿಲ್ಲಬೇಕಲ್ಲ ಎಂದು ನಿಂತಿದೆ. ಕಾರಣ ಇದ್ದಲ್ಲಿ ಕಾರಣ, ಇಲ್ಲದಲ್ಲಿ ಅಕಾರಾದಿ. ಅಚ್ಚಿನಲ್ಲಿ ಮಾತ್ರ ಎರಡೂ ಒಂದೇ ಗಾತ್ರದ ಅಕ್ಷರ. ಯಾವುದು ಕಟ್ಟಳೆ, ಯಾವುದು ಬರೀ ಅನುಕೂಲ ಎಂಬುದು ಹೊಸಬನಿಗೆ ತಿಳಿಯದೆ, ಎರಡಕ್ಕೂ ಒಂದೇ ಭಕ್ತಿಯಿಂದ ಕೈಮುಗಿಯುತ್ತಾನೆ. ನಮ್ಮ ಮನೆಗಳ ಎಷ್ಟೋ ಆಚಾರಗಳ ಕಥೆಯೂ ಇದೇ ಇರಬಹುದು, ಅದನ್ನು ಇಲ್ಲಿ ಬೆಳೆಸುವುದು ಬೇಡ.

ಸರದಿ ತಪ್ಪಿದರೆ ಏನಾಗುತ್ತದೆ? ಜನ ಅಂದುಕೊಂಡಿರುವುದು ಕೆಂಪು ಅಕ್ಷರದಲ್ಲಿ ಎರರ್ ಬಂದು ಕೆಲಸ ನಿಲ್ಲುತ್ತದೆ ಎಂದು. ಹಾಗಾದರೆ ಪುಣ್ಯ. ನಿಜವಾದ ಪೀಡೆ ಎರರ್ ಬಾರದಿರುವುದು. ಸೋರ್ಸ್ ಬಿಚ್ಚಿದ ಮೇಲೆ ಮೊದಲು ಓಡಿಸುವ ಕಾನ್ಫಿಗರ್ ಎಂಬ ಸ್ಕ್ರಿಪ್ಟು ಬಲು ಸಂಕೋಚದ ಪ್ರಾಣಿ. ಮನೆಯಲ್ಲಿ ಏನೇನಿದೆ ಎಂದು ಸುತ್ತ ಕಣ್ಣಾಡಿಸುತ್ತದೆ. ಇದ್ದರೆ ಬಳಸಿಕೊಳ್ಳುತ್ತದೆ, ಇಲ್ಲದಿದ್ದರೆ ಕೇಳದೆ ಅಷ್ಟನ್ನು ಬಿಟ್ಟು ಮುಂದಕ್ಕೆ ಹೋಗುತ್ತದೆ. ಫೈಲುಗಳ ಅನುಮತಿ ಪಟ್ಟಿ ನೋಡಿಕೊಳ್ಳುವ ಎಸಿಎಲ್ ಲೈಬ್ರರಿ ಬರುವ ಮುಂಚೆ ಕೋರ್‌ಯುಟಿಲ್ಸ್ ಕಟ್ಟಿ ನೋಡಿ. ಎಸಿಎಲ್ ಇಲ್ಲದೆ ಕಟ್ಟುತ್ತಿದ್ದೇನೆ ಎಂಬ ಒಂದು ಸಾಲು, ಸಾವಿರ ಸಾಲುಗಳ ನಡುವೆ ಪರದೆಯ ಮೇಲೆ ಉರುಳಿ ಹೋಗುತ್ತದೆ. ಕೊನೆಗೆ ಎಲ್ಲ ಸುಸೂತ್ರ. ತಿಂಗಳು ಕಳೆದ ಮೇಲೆ ಅನುಮತಿಗಳ ಸಮೇತ ಒಂದು ಫೈಲ್ ನಕಲು ಮಾಡಹೋದಾಗ ಅದರ ಅನುಮತಿ ಪಟ್ಟಿ ಹಿಂದೆಯೇ ಉಳಿದಿರುತ್ತದೆ. ಓಪನ್‌ಎಸ್‌ಎಸ್‌ಎಲ್‌ಗಿಂತ ಮುಂಚೆ ಪೈಥಾನ್ ಕಟ್ಟಿದರೂ ಹೀಗೇ. ಪೈಥಾನ್ ಹುಟ್ಟುತ್ತದೆ, ಲೆಕ್ಕ ಮಾಡುತ್ತದೆ, ಸುರಕ್ಷಿತ ಸಂಪರ್ಕದಲ್ಲಿ ಹೊರಗಿನ ಲೋಕದ ಜೊತೆ ಮಾತಾಡಲು ಮಾತ್ರ ಬಾಯಿ ಬರುವುದಿಲ್ಲ. ಪುಸ್ತಕದಲ್ಲಿ ಪೈಥಾನನ್ನು ಎರಡು ಸಲ ಕಟ್ಟುತ್ತಾರೆ. ಮೊದಲ ಸಲ ಈ ಕೊರತೆಗಳೆಲ್ಲ ಇರಲಿ ಬಿಡಿ, ಗಮನಿಸಬೇಡಿ ಎಂದು ಅವರೇ ಹೇಳಿರುತ್ತಾರೆ.

ಹುಡುಗ ಜಾಣ. ಪುಸ್ತಕದ ಕೊನೆಯಲ್ಲಿರುವ ಅನುಬಂಧವೊಂದರಲ್ಲಿ ಯಾವುದಕ್ಕೆ ಯಾವುದು ಬೇಕು ಎಂಬ ಪಟ್ಟಿ ಇದೆಯಲ್ಲ, ಅದನ್ನು ಜೋಡಿ ಜೋಡಿಯಾಗಿ ಒಂದು ಫೈಲಿಗೆ ಬರೆದು ಟಿಸಾರ್ಟ್ ಎಂಬ ಆದೇಶಕ್ಕೆ ಉಣಿಸಿದ. ಇಂಥ ಜೋಡಿಗಳನ್ನು ಕೊಟ್ಟರೆ ಸರಿಯಾದ ಸಾಲು ಹಾಕಿಕೊಡುವುದೇ ಟಿಸಾರ್ಟ್‌ನ ಕೆಲಸ. ಅವನು ಕಟ್ಟಲಿದ್ದ ಕೋರ್‌ಯುಟಿಲ್ಸ್‌ನೊಳಗೇ ಅದೂ ಇದೆ. ಅದು ನೆಟ್ಟಗೆ ಸಾಲು ಹಾಕಿಕೊಡುವುದರ ಬದಲು, ನೀನು ಕೊಟ್ಟದ್ದರಲ್ಲಿ ಸುತ್ತು ಇದೆ ಎಂದು ಗೊಣಗಿತು. ಇರದೇ ಏನು? ಆ ಅನುಬಂಧದಲ್ಲಿ ಬ್ಯಾಶ್ ಕಟ್ಟಲು ಕೋರ್‌ಯುಟಿಲ್ಸ್ ಬೇಕು, ಕೋರ್‌ಯುಟಿಲ್ಸ್ ಕಟ್ಟಲು ಬ್ಯಾಶ್ ಬೇಕು.

ಈ ಸುತ್ತಿನ ಸಮಸ್ಯೆಯನ್ನು ಮೊದಲು ತಲೆಗೆ ಹಚ್ಚಿಕೊಂಡವರಲ್ಲಿ ಹಲವರು ನಮ್ಮ ಸುತ್ತಮುತ್ತಲಿನವರೇ ಎಂಬುದು ನನಗೊಂದು ಸಣ್ಣ ಹೆಮ್ಮೆ. 1958ರಲ್ಲಿ ವಾಷಿಂಗ್ಟನ್ನಿನ ನೌಕಾಪಡೆಯ ವಿಶೇಷ ಯೋಜನಾ ಕಚೇರಿಗೆ ಪೊಲಾರಿಸ್ ಕ್ಷಿಪಣಿಯ ತಲೆನೋವಿತ್ತು. ಸಾವಿರಾರು ಕೆಲಸ, ಒಂದು ಮುಗಿಯದೆ ಇನ್ನೊಂದು ಶುರುವಾಗದು. ಎಲ್ಲವನ್ನೂ ಬಾಣದ ಗುರುತುಗಳಿಂದ ಜೋಡಿಸಿ ನಕ್ಷೆ ಮಾಡುವ ಪರ್ಟ್ ಎಂಬ ಪದ್ಧತಿ ಹುಟ್ಟಿದ್ದು ಅಲ್ಲಿ. ಆ ನಕ್ಷೆಯಲ್ಲಿ ಸುತ್ತು ಬಿದ್ದಿದೆಯೇ ಎಂದು ಯಂತ್ರದಿಂದ ಪರೀಕ್ಷಿಸುವ ದಾರಿಯನ್ನು 1960ರಲ್ಲಿ ಬರೆದದ್ದು ಪೊಟೊಮ್ಯಾಕ್ ದಂಡೆಯ ಡಾಲ್‌ಗ್ರನ್ ಎಂಬ ಊರಿನ ನೌಕಾ ಪ್ರಯೋಗಾಲಯದ ಜಾರ್ನಗಿನ್. ಇವತ್ತು ಕಾಲೇಜಿನಲ್ಲಿ ಎಲ್ಲರೂ ಕಲಿಯುವ ವಿಧಾನ 1962ರಲ್ಲಿ ಬಂತು, ಬಾಲ್ಟಿಮೋರಿನ ವೆಸ್ಟಿಂಗ್‌ಹೌಸ್ ಕಂಪನಿಯ ಎ. ಬಿ. ಕಾನ್ ಬರೆದ ಲೇಖನದಲ್ಲಿ. ಯಾವುದಕ್ಕೂ ಕಾಯಬೇಕಾಗಿಲ್ಲದ ಕೆಲಸವನ್ನು ಎತ್ತಿಕೋ, ಸಾಲಿಗೆ ಹಾಕು, ಅದಕ್ಕಾಗಿ ಕಾದವರ ಪಟ್ಟಿಯಿಂದ ಅದರ ಹೆಸರು ಹೊಡೆದುಹಾಕು, ಮತ್ತೆ ಮೊದಲಿಂದ ನೋಡು. ಇಷ್ಟೇ. 30,000 ಕೆಲಸಗಳ ಜಾಲವನ್ನು ಐಬಿಎಂ 7090 ಯಂತ್ರ ಒಂದು ಗಂಟೆಯೊಳಗೆ ಸಾಲು ಹಾಕುತ್ತದೆ ಎಂದು ಆ ಲೇಖನ ಹೇಳಿಕೊಳ್ಳುತ್ತದೆ.

ಕೆಲಸಗಳು ಮಿಕ್ಕಿವೆ, ಆದರೆ ಕಾಯದಿರುವುದು ಒಂದೂ ಇಲ್ಲ ಎಂದಾದರೆ ಅಲ್ಲಿ ಸುತ್ತು ಇದೆ ಎಂದರ್ಥ. ಕ್ಷಿಪಣಿ ಕಟ್ಟುವವರಿಗೆ ಅದರಿಂದ ತೊಂದರೆ ಇರಲಿಲ್ಲ. ಅವರ ನಕ್ಷೆಯಲ್ಲಿ ಸುತ್ತು ಎಂದರೆ ಯಾರೋ ಗುಮಾಸ್ತ ತಪ್ಪು ಬರೆದಿದ್ದಾನೆ ಎಂದಷ್ಟೇ. ಹುಡುಕಿ ತಿದ್ದಿದರೆ ಆಯಿತು. ನಮ್ಮ ಲೋಕದಲ್ಲಿ ಸುತ್ತು ತಪ್ಪಲ್ಲ, ಅದು ನಿಜ. ಜಿಸಿಸಿ ಪೂರ್ತಿ ಕಂಪೈಲರ್ ಆಗಬೇಕಾದರೆ ಗ್ಲಿಬ್‌ಸಿ ಎಂಬ ಸಿ ಲೈಬ್ರರಿ ಬೇಕು. ಗ್ಲಿಬ್‌ಸಿ ಹುಟ್ಟಬೇಕಾದರೆ ಕಂಪೈಲರ್ ಬೇಕು. ಕಾನ್ ಬಂದರೂ ಡಾಲ್‌ಗ್ರನ್ನಿನ ಪ್ರಯೋಗಾಲಯ ಬಂದರೂ ಇಲ್ಲೊಂದು ಗಂಟಿದೆ ಎಂದು ಬೆರಳು ತೋರಿಸಿಯಾರು. ಎಲ್ಲಿ ಕತ್ತರಿಸಬೇಕೆಂದು ಹೇಳರು. ಅದು ಕಟ್ಟುವವರ ತೀರ್ಮಾನ, ನನ್ನ ಸಂಬಳ ಬರುವುದೂ ಅದಕ್ಕೇ.

ಹುಡುಗ ಈ ಹುಚ್ಚಿಗೆ ಬಿದ್ದ ವರ್ಷವೇ ಅಮ್ಮ ಊರಿನಿಂದ ಬಂದಿದ್ದಳು. ಮೊಮ್ಮಗನನ್ನು ನೋಡಿ, ಅಲ್ಲಿಂದ ಅಟ್ಲಾಂಟಾದ ನನ್ನ ತಂಗಿಯ ಮನೆಗೆ ಹೋಗುವುದೆಂದಾಯಿತು. ಫೇರ್‌ಫ್ಯಾಕ್ಸಿನಿಂದ ಐ-95 ಹಿಡಿದು ಪೀಟರ್ಸ್‌ಬರ್ಗ್, ಅಲ್ಲಿಂದ ಐ-85. ಅಮ್ಮನ ಕಾಲ ಬುಡದಲ್ಲಿ ಒಂದು ಸ್ಟೀಲ್ ಡಬ್ಬಿ, ಅದರಲ್ಲಿ ನಮ್ಮ ಮನೆಯ ಹೆಪ್ಪು. ತಂಗಿಯ ಮನೆಯ ಮೊಸರು ಲೋಳೆ ಲೋಳೆಯಾಗುತ್ತಿದೆ ಎಂದು ಫೋನಿನಲ್ಲಿ ಕೇಳಿದ್ದಳಂತೆ.

ಐ-85 ಡರಮ್ ಊರನ್ನು ಮುಟ್ಟಿದಾಗಲೆಲ್ಲ ನನಗೆ ಬೆಂಗಳೂರಿನ ಕಾಲೇಜು ದಿನಗಳು ನೆನಪಾಗುತ್ತವೆ, ಅದಕ್ಕೆ ಕಾರಣ ಇದೆ. ಮಾರ್ಕ್ ಯೂಯಿಂಗ್ 1994ರಲ್ಲಿ ರೆಡ್ ಹ್ಯಾಟ್ ಲಿನಕ್ಸನ್ನು ಹೊರತಂದದ್ದು ಡರಮ್‌ನಿಂದ. ಬಾಬ್ ಯಂಗ್ ಜೊತೆಗೂಡಿ ಬೆಳೆದ ಆ ಕಂಪನಿ ಈಗ ರ‍್ಯಾಲಿಯ ನಡುಮಧ್ಯೆ ಗೋಪುರವೊಂದರಲ್ಲಿ ಕೂತಿದೆ; 2019ರಲ್ಲಿ ಐಬಿಎಂ ಅದನ್ನು 34 ಬಿಲಿಯನ್ ಡಾಲರ್ ಕೊಟ್ಟು ಕೊಂಡಿತು. ನಾವು ಕಾಲೇಜಿನಲ್ಲಿದ್ದಾಗ ಇಂಟರ್‌ನೆಟ್ ಎಂದರೆ ಗಂಟೆ ಲೆಕ್ಕದ ಸೈಬರ್ ಕೆಫೆ. ಲಿನಕ್ಸ್ ಬರುತ್ತಿದ್ದದ್ದು ಪಿಸಿಕ್ವೆಸ್ಟ್ ಪತ್ರಿಕೆಯ ಜೊತೆಗಿನ ಸಿ.ಡಿ.ಯಲ್ಲಿ. ಒಂದು ಆರ್‌ಪಿಎಂ, ಅಂದರೆ ಕಂಪೈಲ್ ಆಗಿ ಬಂದ ಪ್ಯಾಕೇಜು, ಹಾಕಲು ಹೋದರೆ ನನಗೆ ಇನ್ನೊಂದು ಬೇಕು ಎನ್ನುವುದು, ಅದನ್ನು ಹುಡುಕಿ ತಂದರೆ ಅದಕ್ಕೆ ಮತ್ತೆ ಎರಡು ಬೇಕು ಎನ್ನುವುದು. ಫ್ಲಾಪಿ ಹಿಡಿದು ಕೆಫೆಗೂ ಹಾಸ್ಟೆಲಿಗೂ ತಿರುಗಿ ಚಪ್ಪಲಿ ಸವೆದಿದೆ. ಆ ಯಾತನೆಗೆ ಕೊನೆ ಹಾಡಿದ್ದೂ ಇದೇ ಡರಮ್. ಡ್ಯೂಕ್ ವಿಶ್ವವಿದ್ಯಾಲಯದ ಭೌತಶಾಸ್ತ್ರ ವಿಭಾಗದ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಿದ್ದ ಸೇತ್ ವಿಡಾಲ್, ಮೈಕೆಲ್ ಸ್ಟೆನರ್ ಜೊತೆ ಸೇರಿ ಯಮ್ ಎಂಬ ತಂತ್ರಾಂಶ ಬರೆದರು. ಒಂದು ಬೇಕು ಎಂದರೆ ಅದಕ್ಕೆ ಬೇಕಾದ ಬಳಗವನ್ನೆಲ್ಲ ಅದೇ ಲೆಕ್ಕ ಹಾಕಿ ತರುವುದು. ವಿಡಾಲ್ 2013ರಲ್ಲಿ ಡರಮ್‌ನ ರಸ್ತೆಯಲ್ಲೇ ಸೈಕಲ್ ಮೇಲೆ ಹೋಗುವಾಗ ಕಾರು ಬಡಿದು ತೀರಿಕೊಂಡರು. ಇಡೀ ಜಗತ್ತಿನ ಲಿನಕ್ಸ್ ಸರ್ವರುಗಳ ಹೊರೆ ಇಳಿಸಿದ ಮನುಷ್ಯ.

ಆದರೆ ಯಮ್ ಬಗೆಹರಿಸಿದ್ದು ಕೊಳ್ಳುವವರ ಕಷ್ಟ, ಕಟ್ಟುವವರದಲ್ಲ. ಈ ವ್ಯತ್ಯಾಸ ನಮ್ಮ ಕಸುಬಿನವರಿಗೂ ಎಷ್ಟೋ ಸಲ ಹೊಳೆದಿರುವುದಿಲ್ಲ. ಕಂಪೈಲ್ ಆಗಿ ಬಂದ ಎರಡು ಪ್ಯಾಕೇಜುಗಳು ಒಂದಕ್ಕೊಂದು ಬೇಕೆಂದು ಹಟ ಹಿಡಿದರೆ ಎರಡನ್ನೂ ಒಂದೇ ಆದೇಶದಲ್ಲಿ ಆರ್‌ಪಿಎಂ ಮುಂದಿಟ್ಟರೆ ಸಾಕು, ಜೊತೆಯಾಗಿ ಒಳಗೆ ಬಿಟ್ಟುಕೊಳ್ಳುತ್ತದೆ. ಸಿದ್ಧವಾದ ಎರಡು ವಸ್ತುಗಳು ಒಟ್ಟಿಗೆ ಬಾಗಿಲು ದಾಟಬಲ್ಲವು. ಇನ್ನೂ ಹುಟ್ಟದ ಎರಡು ವಸ್ತುಗಳು ಒಂದನ್ನೊಂದು ಹೆರಲಾರವು. ಕೊಳ್ಳುವವನಿಗೆ ಸುತ್ತು ಕಾಣುವುದೇ ಇಲ್ಲ, ಅದನ್ನು ಯಾರೋ ಎಂದೋ ಹಿಂದೆ ಕೂತು ಕತ್ತರಿಸಿರುತ್ತಾರೆ.

ರ‍್ಯಾಲಿಯಲ್ಲಿ ಹುಡುಗನ ಕೋಣೆಗೆ ಹೋದಾಗ ಲ್ಯಾಪ್‌ಟಾಪಿನ ಫ್ಯಾನು ಗುಂಯ್‌ಗುಡುತ್ತ ಜಿಸಿಸಿ ಕಟ್ಟುತ್ತಿತ್ತು. ಅವನಿಗೆ ಹಾಳೆಯ ಮೇಲೆ ಬರೆದು ತೋರಿಸಿದೆ. ಮೊದಲು ಬಿನ್‌ಯುಟಿಲ್ಸ್. ಆಮೇಲೆ ಜಿಸಿಸಿ, ಆದರೆ ಅಂಗಹೀನ ಜಿಸಿಸಿ: ಥ್ರೆಡ್ ಇಲ್ಲ, ಷೇರ್ಡ್ ಲೈಬ್ರರಿ ಇಲ್ಲ, ಸಿ ಲೈಬ್ರರಿ ಎಂಬುದೊಂದು ಲೋಕದಲ್ಲಿ ಇದೆ ಎಂಬುದೇ ಗೊತ್ತಿಲ್ಲ. ಆಮೇಲೆ ಕರ್ನೆಲ್‌ನ ಹೆಡರ್ ಫೈಲುಗಳು. ಆ ಅಂಗಹೀನನಿಂದಲೇ ಗ್ಲಿಬ್‌ಸಿ. ಗ್ಲಿಬ್‌ಸಿ ಬಂದ ಮೇಲೆ, ಜಿಸಿಸಿಯದೇ ಸೋರ್ಸಿನಲ್ಲಿರುವ ಸಿ++ ಲೈಬ್ರರಿಯನ್ನು ಬೇರೆಯಾಗಿ ಕಟ್ಟುವುದು. ನಂತರ ಸಣ್ಣಪುಟ್ಟ ಸಲಕರಣೆಗಳು, ಅವುಗಳ ಬೆನ್ನಿಗೆ ಬಿನ್‌ಯುಟಿಲ್ಸ್ ಎರಡನೆಯ ಸಲ, ಜಿಸಿಸಿ ಎರಡನೆಯ ಸಲ. ಹೊಸ ಮನೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡ ಮೇಲೆ ಗ್ಲಿಬ್‌ಸಿ ಮತ್ತೆ, ಬಿನ್‌ಯುಟಿಲ್ಸ್ ಮತ್ತೆ, ಜಿಸಿಸಿ ಮತ್ತೆ. ಸುತ್ತನ್ನು ಬಿಡಿಸುವುದೆಂದರೆ ಇಷ್ಟೇ: ಎಲ್ಲೋ ಒಂದು ಕಡೆ ಅರೆಬರೆ ಮಾಡಲು ಒಪ್ಪಿಕೊಳ್ಳುವುದು, ಆಮೇಲೆ ಬಂದು ಅದನ್ನು ಎಸೆದು ಪೂರ್ತಿ ಮಾಡುವುದು.

"ಅದಿರಲಿ ಅತ್ತೆ, ಆ ಮೊದಲನೇ ಅಂಗಹೀನ ಜಿಸಿಸಿನ ಕಂಪೈಲ್ ಮಾಡಿದ್ದು ಯಾರು?"

"ಈಗಾಗಲೇ ಈ ಲ್ಯಾಪ್‌ಟಾಪಲ್ಲಿರೋ ಜಿಸಿಸಿ."

"ಅದನ್ನ?"

"ಅದಕ್ಕೂ ಹಿಂದಿನದು."

ಮಂಚದ ಮೇಲೆ ಕಾಲು ಚಾಚಿಕೊಂಡಿದ್ದ ಅಮ್ಮ, "ಇದರಲ್ಲೇನೋ ಅಂಥ ವಿಶೇಷ? ಮೊಸರು ಮಾಡೋಕೆ ಮೊಸರೇ ಬೇಕು" ಎಂದಳು.

ನಾವಿಬ್ಬರೂ ಸುಮ್ಮನಾದೆವು. ಕಂಪೈಲರ್ ಬಗ್ಗೆ ಓದಿದ್ದನ್ನೆಲ್ಲ ಮರೆತರೂ ಆ ಒಂದು ಮಾತು ಸಾಕಾಗುತ್ತದೆ.

ಅಲ್ಲಿಂದ ಅಟ್ಲಾಂಟಾಕ್ಕೆ ದಾರಿ ಉದ್ದ. ಷಾರ್ಲಟ್ ದಾಟಿ ಸೌತ್ ಕ್ಯಾರೊಲೈನಾಕ್ಕೆ ಬಂದ ಮೇಲೆ ಗ್ಯಾಫ್ನಿ ಎಂಬಲ್ಲಿ ಹೆದ್ದಾರಿಯ ಪಕ್ಕ ಪೀಚ್ ಹಣ್ಣಿನ ಆಕಾರದ ಭಾರೀ ನೀರಿನ ಟ್ಯಾಂಕು. ಅಮ್ಮ ಅದನ್ನು ನೋಡಿ ಮುಖ ಆ ಕಡೆ ತಿರುಗಿಸಿಕೊಂಡಳು. ಯಾಕೆಂದು ಆ ಟ್ಯಾಂಕನ್ನು ನೋಡಿದವರಿಗೆ ಗೊತ್ತು.

ತಂಗಿಯ ಮನೆ ಅಟ್ಲಾಂಟಾದ ಉತ್ತರಕ್ಕೆ, ಆಲ್ಫರೆಟಾದಲ್ಲಿ. 2012ರಲ್ಲಿ ಅಟ್ಲಾಂಟಾದಲ್ಲಿ ಅಮೆರಿಕದ ಕನ್ನಡ ಕೂಟಗಳ 'ಅಕ್ಕ' ಸಮ್ಮೇಳನ ನಡೆದಾಗ ಅವಳ ಮನೆ ತುಂಬ ಜನ, ಬಕೆಟ್ಟಿನಲ್ಲಿ ಮೊಸರನ್ನ. ಅಂಥ ಮನೆಯಲ್ಲಿ ಈಗ ಮೊಸರು ಚಮಚೆಯಿಂದ ಎತ್ತಿದರೆ ನೂಲು ನೂಲಾಗಿ ಇಳಿಯುತ್ತಿತ್ತು. ಅವಳು ಹಾಲಿನ ಬ್ರ್ಯಾಂಡ್ ಬದಲಿಸಿದ್ದಳು, ಪಾತ್ರೆ ಬದಲಿಸಿದ್ದಳು, ಇಡುವ ಜಾಗ ಬದಲಿಸಿದ್ದಳು. ಅಮ್ಮ ಒಂದು ಬೆರಳು ಅದ್ದಿ ನೋಡಿ, "ಹಾಲಲ್ಲಿ ಏನೂ ಇಲ್ಲ ಕಣೇ. ದೋಷ ಇರೋದು ಹೆಪ್ಪಲ್ಲಿ. ದಿನಾ ನಿನ್ನೆದನ್ನೇ ಹಾಕ್ತಿದೀಯ, ದಿನಾ ಅದೇ ಬರ್ತಿದೆ" ಎಂದಳು.

ಯುನಿಕ್ಸ್ ಕಟ್ಟಿದ ಕೆನ್ ಥಾಂಪ್ಸನ್ ಟ್ಯೂರಿಂಗ್ ಪ್ರಶಸ್ತಿ ಪಡೆದಾಗ ಮಾಡಿದ ಭಾಷಣ 1984ರಲ್ಲಿ ಅಚ್ಚಾಯಿತು. ಅದರಲ್ಲಿ ಹೇಳಿದ್ದೂ ಇದನ್ನೇ. ಒಂದು ಕಂಪೈಲರಿನೊಳಗೆ ಕಳ್ಳತನದ ಕೋಡ್ ಸೇರಿಸಿ, ಅದು ತನ್ನ ಮುಂದಿನ ಪೀಳಿಗೆಯನ್ನು ಕಂಪೈಲ್ ಮಾಡುವಾಗ ಅದೇ ಕಳ್ಳತನವನ್ನು ತಾನೇ ತುರುಕುವಂತೆ ಮಾಡಿಬಿಟ್ಟರೆ, ಆಮೇಲೆ ಸೋರ್ಸಿನಿಂದ ಆ ಕೋಡನ್ನು ಅಳಿಸಿಹಾಕಬಹುದು. ಸೋರ್ಸನ್ನು ಎಷ್ಟು ಸಲ ಓದಿದರೂ ಹಾಲಿನಷ್ಟೇ ಬಿಳಿ. ಕಳ್ಳ ಮಾತ್ರ ಪೀಳಿಗೆಯಿಂದ ಪೀಳಿಗೆಗೆ ಇಳಿಯುತ್ತ ಇರುತ್ತಾನೆ. ಸೋರ್ಸ್ ಕೋಡಿನಿಂದ ಕಟ್ಟುತ್ತೇವೆ, ಆದ್ದರಿಂದ ನಮಗೆ ಎಲ್ಲ ಗೊತ್ತು ಎಂದು ಎದೆಯುಬ್ಬಿಸುವ ನಮ್ಮಂಥವರ ಗಾಳಿ ತೆಗೆದ ಭಾಷಣ ಅದು.

ಇದಕ್ಕೆ ಮದ್ದು ಕಂಡುಹಿಡಿದವರೊಬ್ಬರು ನನ್ನ ಮನೆಗೆ ಹತ್ತಿರದಲ್ಲೇ ಓದಿದವರು. ಡೇವಿಡ್ ವೀಲರ್ 2009ರಲ್ಲಿ ಫೇರ್‌ಫ್ಯಾಕ್ಸಿನ ಜಾರ್ಜ್ ಮೇಸನ್ ವಿಶ್ವವಿದ್ಯಾಲಯಕ್ಕೆ ಒಪ್ಪಿಸಿದ ಪಿಎಚ್.ಡಿ. ಪ್ರಬಂಧದ ವಿಷಯವೇ ಇದು. ಅನುಮಾನ ಬಂದ ಕಂಪೈಲರಿನ ಸೋರ್ಸನ್ನು, ಅದಕ್ಕೆ ನಂಟೇ ಇಲ್ಲದ ಬೇರೊಂದು ಕಂಪೈಲರಿನಿಂದ ಕಟ್ಟು. ಹಾಗೆ ಹುಟ್ಟಿದ್ದರಿಂದ ಅದೇ ಸೋರ್ಸನ್ನು ಮತ್ತೊಮ್ಮೆ ಕಟ್ಟು. ಕೊನೆಗೆ ಬಂದದ್ದು ಮೊದಲಿನದರ ಜೊತೆ ಬಿಟ್ ಬಿಟ್ಟಿಗೂ ಹೊಂದಬೇಕು. ಹೊಂದದಿದ್ದರೆ ಎಲ್ಲೋ ಏನೋ ಇದೆ. ಅಮ್ಮ ಫೇರ್‌ಫ್ಯಾಕ್ಸಿನಿಂದ ಡಬ್ಬಿಯಲ್ಲಿ ತಂದದ್ದು ಇದೇ ಉಪಾಯವನ್ನು. ಒಂದೇ ಹಾಲು, ಎರಡು ಬಟ್ಟಲು, ಎರಡು ಮನೆಯ ಹೆಪ್ಪು. ಬೆಳಿಗ್ಗೆ ಒಂದು ಗಟ್ಟಿ, ಇನ್ನೊಂದು ಲೋಳೆ. ತಂಗಿ ಇಷ್ಟು ದಿನ ಸುಮ್ಮಸುಮ್ಮನೆ ಹಾಲಿನವರನ್ನು ಬೈದಿದ್ದಳು.

"ಅಮ್ಮ, ಎಲ್ಲೂ ಹೆಪ್ಪೇ ಸಿಗದಿದ್ದರೆ?" ಎಂದು ಕೇಳಿದೆ.

"ಒಣಮೆಣಸಿನಕಾಯಿ ತೊಟ್ಟು ಹಾಕಿದರೆ ಆಯ್ತು. ಮೊದಲನೇ ದಿನ ನೀರು ನೀರಾಗಿರುತ್ತೆ, ಚೆನ್ನಾಗಿರಲ್ಲ. ಅದನ್ನೇ ಹೆಪ್ಪು ಮಾಡಿ ಎರಡನೇ ಸಲ, ಮೂರನೇ ಸಲ ಹಾಕು. ಆಮೇಲೆ ಸರಿಹೋಗುತ್ತೆ."

ಮೆಣಸಿನಕಾಯಿ ತೊಟ್ಟಿನಿಂದ ಶುರು ಮಾಡುವವರು ನಮ್ಮ ಲೋಕದಲ್ಲೂ ಇದ್ದಾರೆ. ಗ್ವಿಕ್ಸ್ ಎಂಬ ಲಿನಕ್ಸ್ ಬಳಗದವರು 2023ರಲ್ಲಿ ಅಂಥದ್ದೊಂದನ್ನು ಸಾಧಿಸಿದರು. ಅವರ ಪ್ಯಾಕೇಜುಗಳ ಇಡೀ ಸಾಲು ನಿಂತಿರುವುದು ಬರೀ 357 ಬೈಟ್‌ಗಳ ಒಂದು ಪ್ರೋಗ್ರಾಮಿನ ಮೇಲೆ. ಮನುಷ್ಯ ಒಂದೊಂದು ಬೈಟನ್ನೂ ಕಣ್ಣಾರೆ ಓದಿ ನೋಡಬಹುದಾದಷ್ಟು ಸಣ್ಣದು. ಅದರಿಂದ ಇನ್ನೊಂದು ಸ್ವಲ್ಪ ದೊಡ್ಡದು, ಅದರಿಂದ ಒಂದು ಪುಟ್ಟ ಸಿ ಕಂಪೈಲರ್, ಅದರಿಂದ ಹಳೆಯ ಜಿಸಿಸಿ, ಹಳೆಯದರಿಂದ ಹೊಸದು. ಮೊದಮೊದಲು ಬರುವುದೆಲ್ಲ ಅಮ್ಮ ಹೇಳಿದ ಮೊದಲ ದಿನದ ಮೊಸರಿನ ಹಾಗೆ, ಯಾರೂ ಉಣ್ಣಲಾರರು. ಉಣ್ಣುವುದಕ್ಕಲ್ಲ ಅದು, ಮುಂದಿನದಕ್ಕೆ ಹೆಪ್ಪಾಗಲು.

ವಾಪಸು ಬರುವಾಗ ಮತ್ತೆ ರ‍್ಯಾಲಿ. ಹುಡುಗ ಮೂಲ ವ್ಯವಸ್ಥೆ ಮುಗಿಸಿ ಅದರಾಚೆಯ ಪ್ಯಾಕೇಜುಗಳಿಗೆ ಕೈ ಹಾಕಿದ್ದ. ಅಜ್ಜಿಯನ್ನು ಮೆಚ್ಚಿಸಲು ಚಿತ್ರ ತಿದ್ದುವ ಇಮೇಜ್‌ಮ್ಯಾಜಿಕ್ ಕಟ್ಟಿ, ರೆಡ್ ಹ್ಯಾಟ್‌ನವರೇ ಮುಕ್ತವಾಗಿ ಕೊಟ್ಟ ಲೋಹಿತ್ ಕನ್ನಡ ಫಾಂಟ್ ಇಳಿಸಿಕೊಂಡು, ಒಂದು ಚಿತ್ರದ ಮೇಲೆ 'ಅಜ್ಜಿಗೆ ಅಕ್ಕರೆಯ ನಮಸ್ಕಾರ' ಎಂದು ಬರೆಸಿದ್ದ. ಪರದೆಯ ಮೇಲೆ ಬಂದದ್ದು 'ಅಜ್‌ಜಿಗೆ ಅಕ್‌ಕರೆಯ ನಮಸ್‌ಕಾರ'. ಗುಣಿತಗಳೂ ಅಕ್ಷರದ ಮೈಗೆ ಹತ್ತದೆ ದೂರ ನಿಂತಿದ್ದವು. ಅಮ್ಮ ಕನ್ನಡಕ ಸರಿಮಾಡಿಕೊಂಡು, "ಒತ್ತಕ್ಷರ ಕಲಿಯೋಕೆ ಮುಂಚೆ ಬರೆದಂಗಿದೆ ಕಣೋ" ಎಂದಳು.

ಅವಳ ಮಾತು ಅಕ್ಷರಶಃ ಸರಿ. ಫ್ರೀಟೈಪ್ ಎಂಬ ಲೈಬ್ರರಿ ಅಕ್ಷರದ ಆಕಾರ ಬಿಡಿಸಬಲ್ಲದು, ಯಾವ ಒತ್ತು ಯಾರ ಕೆಳಗೆ ಹೋಗಬೇಕೆಂಬುದು ಅದಕ್ಕೆ ತಿಳಿಯದು. ಅದನ್ನು ಬಲ್ಲದ್ದು ಹಾರ್ಫ್‌ಬಜ್, ಬೆಹದಾದ್ ಎಸ್ಫಹ್‌ಬೋದ್ ಬೆಳೆಸಿದ ಲೈಬ್ರರಿ. ಕನ್ನಡಕ್ಕೆ ಅದು ಇಲ್ಲದಿದ್ದರೆ ನಡೆಯುವುದೇ ಇಲ್ಲ. 'ಸೂರ್ಯ' ಎಂದು ಟೈಪ್ ಮಾಡಿದಾಗ ಕಂಪ್ಯೂಟರಿನ ನೆನಪಿನಲ್ಲಿ ರಕಾರ ಮೊದಲು, ಯಕಾರ ಆಮೇಲೆ. ಹಾಳೆಯ ಮೇಲೆ ಯಕಾರ ಮುಂದೆ, ಅರ್ಕಾವತ್ತು ಅದರ ಹಿಂದೆ. ಈ ಅದಲುಬದಲು ಮಾಡಿಕೊಡುವುದೂ ಹಾರ್ಫ್‌ಬಜ್. ಇಮೇಜ್‌ಮ್ಯಾಜಿಕ್ ಅದನ್ನು ತಲುಪುವುದು ರಾಕ್ಮ್ ಎಂಬ ಇನ್ನೊಂದು ಲೈಬ್ರರಿಯ ಮೂಲಕ. ಹುಡುಗ ಇವೆರಡೂ ಬರುವ ಮುಂಚೆ ಇಮೇಜ್‌ಮ್ಯಾಜಿಕ್ ಕಟ್ಟಿಬಿಟ್ಟಿದ್ದ. ಕಾನ್ಫಿಗರ್ ತನ್ನ ಅಭ್ಯಾಸದಂತೆ ಸದ್ದಿಲ್ಲದೆ ಕನ್ನಡವನ್ನು ಬಿಟ್ಟು ಮುಂದಕ್ಕೆ ಹೋಗಿತ್ತು. ಇಂಗ್ಲಿಷ್ ಬರೆಸಿದ್ದರೆ ಎಂದೂ ಗೊತ್ತಾಗುತ್ತಿರಲಿಲ್ಲ. ಸರದಿ ತಪ್ಪಿದ್ದರ ಬೆಲೆಯನ್ನು ಎಲ್ಲ ಭಾಷೆಗಳೂ ಸಮನಾಗಿ ತೆರುವುದಿಲ್ಲ, ಪುಸ್ತಕ ಬರೆಯುವವರಿಗೆ ಇದು ಹೊಳೆಯುವುದು ಕಷ್ಟ.

ಇಲ್ಲೂ ಒಂದು ಸುತ್ತಿದೆ. ಹಾರ್ಫ್‌ಬಜ್‌ನ ಮೊದಲ ಕೋಡು ಬೆಳೆದದ್ದೇ ಫ್ರೀಟೈಪ್‌ನ ಒಡಲಲ್ಲಿ, ಈಗಲೂ ಅದನ್ನು ಫ್ರೀಟೈಪ್ ಜೊತೆಗೇ ಕಟ್ಟುವುದು ವಾಡಿಕೆ. ಅತ್ತ ಫ್ರೀಟೈಪ್‌ಗೆ ಅಕ್ಷರಗಳ ಅಂಚನ್ನು ತಾನಾಗಿ ತೀಡಿ ನೇರ ಮಾಡುವಾಗ ಹಾರ್ಫ್‌ಬಜ್ ಜೊತೆಗಿದ್ದರೆ ಚೆನ್ನ. ಮೊದಲು ಹಾರ್ಫ್‌ಬಜ್ ಇಲ್ಲದ ಫ್ರೀಟೈಪ್, ಆಮೇಲೆ ಹಾರ್ಫ್‌ಬಜ್, ಆಮೇಲೆ ಮತ್ತೆ ಫ್ರೀಟೈಪ್ ಎಂದು ಪುಸ್ತಕದ ಮುಂದಿನ ಭಾಗ ಹೇಳುತ್ತದೆ. ಈ ಮೂರನೆಯ ಹೆಜ್ಜೆಯನ್ನು ಹಾರಿಸುವವರು ಬಹಳ, ಯಾಕೆಂದರೆ ಹಾರಿಸಿದರೆ ಯಾವ ಎರರೂ ಬರುವುದಿಲ್ಲ.

ಆದ್ದರಿಂದ, ಓದುಗರಲ್ಲಿ ಯಾರಿಗಾದರೂ ಈ ಹುಚ್ಚು ಹಿಡಿದಿದ್ದರೆ ನನ್ನದೊಂದು ಕೋರಿಕೆ. ಮೊದಲ ಸಲ ಪುಸ್ತಕದ ಸರದಿಯನ್ನೇ ಹಿಡಿಯಿರಿ, ಕಾರಣ ಕೇಳಬೇಡಿ. ಪ್ರತಿ ಪ್ಯಾಕೇಜಿನ ಕಾನ್ಫಿಗರ್ ಉಗುಳುವುದನ್ನೆಲ್ಲ ಒಂದು ಫೈಲಿಗೆ ಎತ್ತಿಡಿ, ಅದರಲ್ಲಿ 'ಇಲ್ಲ' ಎಂದಿರುವ ಸಾಲುಗಳನ್ನು ಓದಿ. ಎರಡನೆಯ ಸಲ ಬೇಕಾದರೆ ಸರದಿ ಬದಲಿಸಿ ನೋಡಿ, ಎರಡು ಸಲದ ಫೈಲುಗಳನ್ನು ಹೋಲಿಸಿದರೆ ಯಾವುದು ಕಟ್ಟಳೆ, ಯಾವುದು ಅಕಾರಾದಿ ಎಂದು ತಾನಾಗಿ ಗೊತ್ತಾಗುತ್ತದೆ. ಎಲ್ಲ ಆದ ಮೇಲೆ ಒತ್ತಕ್ಷರ ಇರುವ ಒಂದು ಕನ್ನಡ ವಾಕ್ಯ ಬರೆಸಿ ಪರೀಕ್ಷಿಸಿ. ಫ್ರೀಟೈಪನ್ನು ಎರಡನೆಯ ಸಲ ಕಟ್ಟದೆ ಮಾತ್ರ ಮುಗಿಯಿತೆಂದು ಏಳಬೇಡಿ.